ಹನ್ನೊಂದರಿಂದ ಹದಿನೆಂಟಕ್ಕೆ: ಖಾರ್ಘರ್ ಗಾಲ್ಫ್ ಕೋರ್ಸಿಗೆ ಪ್ರವಾಸಿಗರು ಬರಬೇಕಾದರೆ

ನವಿ ಮುಂಬೈನ ಖಾರ್ಘರ್‌ನಲ್ಲಿ ಲಾಡ್ಜುಗಳಿಗೆ ಬರುವ ಗಿರಾಕಿಗಳು ಯಾರೆಂದು ಕೇಳಿದರೆ ಉತ್ತರ ಸುಲಭ. ಟಾಟಾ ಮೆಮೋರಿಯಲ್‌ನ ಆ್ಯಕ್ಟ್ರೆಕ್ ಕ್ಯಾನ್ಸರ್ ಕೇಂದ್ರಕ್ಕೆ ರೋಗಿಯ ಜೊತೆ ಬಂದವರು, ನಿಫ್ಟ್ ಫ್ಯಾಷನ್ ಕಾಲೇಜಿಗೆ ಮಕ್ಕಳನ್ನು ಸೇರಿಸಲು ಬಂದ ತಂದೆ-ತಾಯಿ, ತಳೋಜಾದ ಕಾರ್ಖಾನೆಗಳಿಗೆ ಕೆಲಸದ ಮೇಲೆ ಬಂದ ಕಂಪನಿ ಜನ. 2025ರ ಜನವರಿಯಲ್ಲಿ ಇಸ್ಕಾನ್ ದೇವಸ್ಥಾನ ಉದ್ಘಾಟನೆಯಾದ ಮೇಲೆ ಶನಿವಾರ, ಭಾನುವಾರ ಭಕ್ತರೂ ಸೇರಿಕೊಂಡಿದ್ದಾರೆ. ಗಾಲ್ಫ್ ಆಡಲಿಕ್ಕೆಂದೇ ಬಂದು ರೂಮು ಕೇಳಿದವರು ಬೆರಳೆಣಿಕೆ. ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು, ಲಾಡ್ಜಿಂಗ್ ನಡೆಸುವ ನಮ್ಮಂಥವರಿಗೆ ಇದು ಸ್ವಲ್ಪ ವಿಚಿತ್ರವೇ. ಯಾಕೆಂದರೆ ಸರ್ಕಾರಿ ಸ್ವತ್ತಾದ, ಸದಸ್ಯತ್ವದ ಹಂಗಿಲ್ಲದೆ ದುಡ್ಡು ಕೊಟ್ಟು ಆಡಬಹುದಾದ ಗಾಲ್ಫ್ ಕೋರ್ಸು ಇರುವುದು ನಮ್ಮ ಊರಲ್ಲೇ.

ಖಾರ್ಘರ್ ವ್ಯಾಲಿ ಗಾಲ್ಫ್ ಕೋರ್ಸ್ ಸಿಡ್ಕೊದ್ದು. 1970ರಲ್ಲಿ ಹುಟ್ಟಿ ನವಿ ಮುಂಬೈ ಕಟ್ಟಿದ ಮಹಾರಾಷ್ಟ್ರ ಸರ್ಕಾರದ ನಿಗಮ ಅದು. ಸುಮಾರು 103 ಹೆಕ್ಟೇರ್ ಜಾಗ. ಬೆನ್ನಿಗೆ ಖಾರ್ಘರ್ ಗುಡ್ಡ, ಪಾಂಡವಕಡಾ ಜಲಪಾತ. ಪಕ್ಕದಲ್ಲಿ ಸೆಂಟ್ರಲ್ ಪಾರ್ಕ್. ಆಟಕ್ಕೆ ತೆರೆದದ್ದು 11 ಹೋಲ್. ಹೋಲ್ ಎಂದರೆ ಚೆಂಡು ಹೊಡೆಯಲು ಶುರು ಮಾಡುವ ಜಾಗದಿಂದ ಅದನ್ನು ಬೀಳಿಸುವ ಕುಳಿಯವರೆಗಿನ ಒಂದು ಅಂಕಣ; ಪೂರ್ತಿ ಸುತ್ತಿಗೆ ಹದಿನೆಂಟು ಬೇಕು. ಹನ್ನೊಂದನ್ನು 18ಕ್ಕೆ ಏರಿಸಿ ಅಂತರರಾಷ್ಟ್ರೀಯ ಮಟ್ಟದ ಕೋರ್ಸ್ ಮಾಡಬೇಕೆಂಬುದು ನಿಗಮದ ಯೋಜನೆ. ಕಾಮಗಾರಿ ಎಲ್ಲಿಗೆ ಬಂತು ಎಂಬ ವರದಿ ಇದಲ್ಲ. ಇಂಥ ಕೋರ್ಸಿಗೆ ಹೊರಊರಿನ ಆಟಗಾರ ಬರಬೇಕಾದರೆ ಹಣ ಮೊದಲು ಎಲ್ಲಿ ಬೀಳಬೇಕು ಎಂಬುದಷ್ಟೇ ನನ್ನ ಪ್ರಶ್ನೆ. ನಾನು ಗಾಲ್ಫ್ ಆಡುವುದು ಅಪರೂಪ. ಆದರೆ ಊರಿಗೆ ಬಂದವನು ಇನ್ನೊಂದು ರಾತ್ರಿ ಯಾವಾಗ ಉಳಿಯುತ್ತಾನೆ, ಯಾವಾಗ ಗಂಟುಮೂಟೆ ಕಟ್ಟುತ್ತಾನೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ಮುಂಬೈ ಹಳೆಯ ಗಾಲ್ಫ್ ಊರು. ವಿಲಿಂಗ್ಡನ್ ಕ್ಲಬ್ 1918ರದ್ದು, ಚೆಂಬೂರಿನ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ 1927ರದ್ದು. ಕೊಲಾಬಾದ ತುದಿಯಲ್ಲಿ ಸಮುದ್ರಕ್ಕೆ ತಾಗಿಕೊಂಡಿರುವ ಯು.ಎಸ್. (ಯುನೈಟೆಡ್ ಸರ್ವಿಸಸ್) ಕ್ಲಬ್ ಸೇನಾಪಡೆಗಳದ್ದು. ಎಲ್ಲೆಲ್ಲೂ ಸದಸ್ಯರಿಗೇ ಮೊದಲ ಮಣೆ. ದಾರಿಹೋಕರಿಗೆ ಬಾಗಿಲು ಸುಲಭಕ್ಕೆ ತೆರೆಯದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಕತೆಯೂ ಅದೇ, 1876ರಿಂದ. ಸದಸ್ಯತ್ವ ಬೇಡ, ಆಟದ ಶುಲ್ಕ (ಗ್ರೀನ್ ಫೀ) ಕಟ್ಟಿ ಆಡಿ ಎಂಬ ಸಾರ್ವಜನಿಕ ಮಾದರಿಯನ್ನು ದೇಶದಲ್ಲಿ ಮೊದಲು ತೋರಿಸಿದ್ದು ದೆಹಲಿ ಅಭಿವೃದ್ಧಿ ಪ್ರಾಧಿಕಾರ, 2000ರಲ್ಲಿ, ಕುತುಬ್ ಗಾಲ್ಫ್ ಕೋರ್ಸಿನ ಮೂಲಕ. ಖಾರ್ಘರ್ ಅದೇ ಜಾತಿಗೆ ಸೇರಿದ್ದು.

ಹನ್ನೊಂದು ಯಾಕೆ ಸಾಲದು

ಗಾಲ್ಫ್ ಗೊತ್ತಿಲ್ಲದವರಿಗೆ 11 ಮತ್ತು 18ರ ನಡುವಿನ ವ್ಯತ್ಯಾಸ ಏಳು ಅಷ್ಟೆ. ಲೆಕ್ಕ ಹಾಕಿದರೆ ಅದಕ್ಕಿಂತ ದೊಡ್ಡದು ಕಾಣುತ್ತದೆ.

ನಾಲ್ವರ ಒಂದು ತಂಡ ಹತ್ತು ನಿಮಿಷಕ್ಕೊಮ್ಮೆ ಮೊದಲ ಟೀಯಿಂದ, ಅಂದರೆ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗದಿಂದ, ಹೊರಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಹೋಲ್‌ಗೆ ಸುಮಾರು ಕಾಲು ಗಂಟೆ. ಬೆಳಗ್ಗೆ ಆರೂವರೆಗೆ ಹೊರಟ ಮೊದಲ ತಂಡ ಹನ್ನೊಂದು ಮುಗಿಸಿ ಒಂಬತ್ತೂ ಕಾಲಿಗೆ ಮೊದಲ ಟೀಗೆ ವಾಪಸ್ ಬರುತ್ತದೆ. ಹದಿನೆಂಟು ಪೂರೈಸಲು ಅವರು ಏಳನ್ನು ಮತ್ತೆ ಆಡಬೇಕು. ಅಲ್ಲಿಂದ ಮುಂದೆ ಹೊಸದಾಗಿ ಬಂದವರೂ ಎರಡನೇ ಸುತ್ತಿನವರೂ ಒಂದೇ ಬಾಗಿಲಲ್ಲಿ. ಹಾಗಾಗಿ ಅಡ್ಡಿಯಿಲ್ಲದೆ ಬಿಡಲಾಗುವುದು ಒಂಬತ್ತೂ ಹತ್ತರವರೆಗಿನ 17 ತಂಡ, 68 ಜನ.

ಹದಿನೆಂಟು ಹೋಲ್ ಇದ್ದರೆ ಒಂದನೇ ಟೀ ಮತ್ತು ಹತ್ತನೇ ಟೀ ಎರಡರಿಂದಲೂ ಏಕಕಾಲಕ್ಕೆ ಆಟಗಾರರನ್ನು ಬಿಡಬಹುದು. ಒಂಬತ್ತು ಹೋಲ್ ಮುಗಿಸಲು ಎರಡೂ ಕಾಲು ಗಂಟೆ. ಆರೂವರೆಯಿಂದ ಎಂಟು ನಲವತ್ತರೊಳಗೆ ಎರಡು ಕಡೆಯೂ 14 ತಂಡ. ಒಟ್ಟು 112 ಜನ, ಎಲ್ಲರೂ ಒಂಬತ್ತಕ್ಕೆ ಮೊದಲೇ ಮೈದಾನದಲ್ಲಿ. ಏಳು ಹೋಲ್ ಸೇರಿಸಿದ್ದಕ್ಕೆ ಬೆಳಗಿನ ವ್ಯಾಪಾರ ಒಂದೂವರೆ ಪಟ್ಟಿಗೂ ಹೆಚ್ಚು.

ಬೆಳಗೇ ಯಾಕೆ ಮುಖ್ಯ? ಉಡುಪಿ ಹೋಟೆಲಿಗೆ ಬೆಳಗಿನ ತಿಂಡಿ ಹೊತ್ತು ಹೇಗೋ ಇಲ್ಲಿ ಗಾಲ್ಫಿಗೆ ಮೊದಲ ಎರಡು ಗಂಟೆ ಹಾಗೆ. ಮಾರ್ಚ್ ಕಳೆದ ಮೇಲೆ ಮಧ್ಯಾಹ್ನದ ಬಿಸಿಲಿಗೆ ಬಯಲಿನಲ್ಲಿ ನಿಲ್ಲಲಾಗದು. 2023ರ ಏಪ್ರಿಲ್ 16ರಂದು ಇದೇ ಖಾರ್ಘರ್‌ನ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲಿನ ಹೊಡೆತಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ದಿನವನ್ನು ಈ ಊರು ಮರೆತಿಲ್ಲ. ಬೆಳಗ್ಗೆ ಒಂಬತ್ತರ ನಂತರದ ಸಮಯವನ್ನು ಪ್ರವಾಸಿಗೆ ಮಾರುತ್ತೇವೆ ಎನ್ನುವ ಯಾವ ಯೋಜನೆಯನ್ನೂ ನಾನು ನಂಬುವುದಿಲ್ಲ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ. ಒಂಬತ್ತನೇ ಹೋಲ್ ಮುಗಿಯುವುದೂ ಹತ್ತನೆಯದು ಶುರುವಾಗುವುದೂ ಕ್ಲಬ್‌ಹೌಸ್ ಹತ್ತಿರವೇ ಆಗಬೇಕು. ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್‌ನ ಹಳೇ ಕೋರ್ಸು ನೇರ ಹೊರಗೆ ಹೋಗಿ ತಿರುಗಿ ಬರುವ ದಾರಿ; ಒಂಬತ್ತನೆಯದು ಊರಿನಿಂದ ದೂರದಲ್ಲಿ ಮುಗಿಯುತ್ತದೆ. ಅವರಿಗೆ ಹೆಸರಿದೆ, ನಡೆಯುತ್ತದೆ. ನಮ್ಮ ಕಣಿವೆಯ ಉದ್ದಕ್ಕೆ ಏಳು ಹೊಸ ಹೋಲ್‌ಗಳನ್ನು ಬಾಲದ ಹಾಗೆ ಜೋಡಿಸಿಬಿಟ್ಟರೆ ಹದಿನೆಂಟು ಎಂಬ ಸಂಖ್ಯೆ ಮಾತ್ರ ಸಿಗುತ್ತದೆ, ಎರಡು ಬಾಗಿಲು ಸಿಗುವುದಿಲ್ಲ. ನಕ್ಷೆ ಮುಂದಿಟ್ಟಾಗ ಮೊದಲು ನೋಡಬೇಕಾದದ್ದು ಇದನ್ನೇ.

ಹುಲ್ಲಿನ ಕೆಳಗೆ

ಗ್ರೀನ್ ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ಕೊನೆಯ ಜಾಗ. ಅಲ್ಲಿ ಹುಲ್ಲಿನ ಎತ್ತರ ಮೂರು, ನಾಲ್ಕು ಮಿಲಿಮೀಟರ್. ಇಷ್ಟು ಗಿಡ್ಡಗೆ ಕತ್ತರಿಸಿದ ಹುಲ್ಲಿಗೆ ಬೇರಿನ ಬುಡದಲ್ಲಿ ನೀರು ನಿಂತರೆ ತಡೆಯುವ ಶಕ್ತಿಯೇ ಇಲ್ಲ. ಅದಕ್ಕೇ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಒಂದು ಮಾದರಿ ಕೊಟ್ಟಿತು: ತಳದಲ್ಲಿ ಬಸಿಗಾಲುವೆ ಪೈಪು, ಅದರ ಮೇಲೆ ಸುಮಾರು 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಮರಳಿನ ಪದರ, ಆಮೇಲೆ ಹುಲ್ಲು. ಕಟ್ಟಡಕ್ಕೆ ತರುವ ಮರಳು ಇಲ್ಲಿ ನಡೆಯದು. ಕಣದ ಗಾತ್ರ ಪ್ರಯೋಗಾಲಯದಲ್ಲಿ ಅಳೆಸಿಯೇ ತರಬೇಕು. ಮಣ್ಣು, ಪುಡಿ ಹೆಚ್ಚಾದರೆ ನೀರು ಇಳಿಯುವುದಿಲ್ಲ. ತೀರ ದಪ್ಪ ಕಣವಾದರೆ ನೀರು ನಿಲ್ಲುವುದೇ ಇಲ್ಲ, ಬೇಸಿಗೆಯಲ್ಲಿ ಹುಲ್ಲು ಒಣಗುತ್ತದೆ.

ಈಗ ಇದನ್ನು ಖಾರ್ಘರ್‌ನ ಮಳೆಯ ಜೊತೆ ಇಟ್ಟು ನೋಡಿ. ಮುಂಬೈ ಭಾಗದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಬಿದ್ದದ್ದು 944 ಮಿಲಿಮೀಟರ್. ಕಣಿವೆಗೆ ಬರುವುದು ತನ್ನ ಮೇಲೆ ಬಿದ್ದ ಮಳೆ ಮಾತ್ರವಲ್ಲ, ಬಸಾಲ್ಟ್ ಗುಡ್ಡದ ಮೇಲೆ ಬಿದ್ದು ಜಾರಿ ಇಳಿದದ್ದೂ ಸೇರಿ. ಜೊತೆಗೆ ಮೋಡ. ಗಾಲ್ಫ್ ಕೋರ್ಸುಗಳಲ್ಲಿ ಹಾಕುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಬಳಗವೇ. ಅದಕ್ಕೆ ಬಿಸಿಲೆಂದರೆ ಪ್ರಾಣ. ನಾಲ್ಕು ತಿಂಗಳು ಬಿಸಿಲಿಲ್ಲದೆ, ನೀರಿನಲ್ಲಿ ನಿಂತು, ಗಿಡ್ಡಗೆ ಕತ್ತರಿಸಿಕೊಂಡು ಬದುಕಬೇಕು. ಅಕ್ಟೋಬರದಲ್ಲಿ ಪ್ರವಾಸಿಗರ ಕಾಲ ಶುರುವಾಗುವಾಗ ಗ್ರೀನ್ ಹೇಗಿರುತ್ತದೆ ಎಂಬುದು ಆಗಸ್ಟಿನಲ್ಲೇ ತೀರ್ಮಾನವಾಗಿರುತ್ತದೆ.

ನಮ್ಮಲ್ಲಿ ಊಟಕ್ಕೆ ಬರುವ ಅಫಜಲಪುರದ ಕಡೆಯ ಒಬ್ಬರಿದ್ದಾರೆ. ಹತ್ತಾರು ಕಡೆ ಲಾನು, ಮೈದಾನಗಳ ಹುಲ್ಲಿನ ಕೆಲಸ ಗುತ್ತಿಗೆಯ ಮೇಲೆ ಮಾಡಿದವರು. ಗ್ರೀನ್ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಕೇಳಿದೆ. ಬಡಿಸಿದ್ದ ರೊಟ್ಟಿ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದರು: “ಮ್ಯಾಲಿನ ಹಸಿರು ನೋಡಿ ಮೋಸ ಹೋಗಬ್ಯಾಡ್ರಿ ಅಣ್ಣಾರ. ಚೂರಿ ಹಾಕಿ ಗೇಣುದ್ದ ಕೊಯ್ದು ಎತ್ತಿ ನೋಡ್ರಿ. ನಡುವ ಕರ್ರಗ ಒಂದು ಪಟ್ಟಿ ಕಂಡು, ಕೊಳತ ತತ್ತಿ ನಾತ ಬಂದ್ರ ನೀರು ಇಂಗವಲ್ದು ಅಂತನ ತಿಳ್ಕೋರಿ. ಅದಕ್ಕ ಎಷ್ಟು ಗೊಬ್ಬರ ಸುರದ್ರೂ ಅಷ್ಟ.”

ಹುಲ್ಲಿನ ತಜ್ಞರೂ ಹೇಳುವುದು ಇದನ್ನೇ. ಗಾಳಿಯಾಡದ ಮರಳಿನಲ್ಲಿ ಗಂಧಕದ ಸಂಯುಕ್ತಗಳು ಸೇರಿ ಕಪ್ಪು ಪದರ ಕಟ್ಟುತ್ತದೆ, ಬೇರು ಅದರಿಂದ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ನವೀಕರಣ ಎಂದಾಕ್ಷಣ ಮೇಲಿನ ಹುಲ್ಲು ಬದಲಿಸುವುದು, ಬಂಕರ್ ಎಂಬ ಗುಂಡಿಗಳಿಗೆ ಬಿಳಿ ಮರಳು ತುಂಬುವುದು, ಕ್ಲಬ್‌ಹೌಸಿಗೆ ಗಾಜು ಹಾಕಿಸುವುದು ಎಲ್ಲ ಆಮೇಲಿನ ಮಾತು. ಮೊದಲ ಕೆಲಸ ಗುಡ್ಡದಿಂದ ಇಳಿಯುವ ನೀರನ್ನು ಮೈದಾನದ ಅಂಚಿನಲ್ಲೇ ತಡೆದು ಬೇರೆ ದಾರಿಗೆ ತಿರುಗಿಸುವ ಕಾಲುವೆ. ಎರಡನೆಯದು ಗ್ರೀನ್‌ಗಳ ಬುಡ. ಮೂರನೆಯದು ಆಟಗಾರರನ್ನು ಒಯ್ಯುವ ಬಗ್ಗಿ ಗಾಡಿಗೆ ಗಟ್ಟಿ ದಾರಿ, ಯಾಕೆಂದರೆ ಟೀಗೂ ಗ್ರೀನಿಗೂ ನಡುವಿನ ಹುಲ್ಲುಹಾಸು, ಅಂದರೆ ಫೇರ್‌ವೇ, ಒದ್ದೆಯಿರುವಾಗ ಅದರ ಮೇಲೆ ಗಾಡಿ ಬಿಟ್ಟರೆ ಒಂದೇ ದಿನದಲ್ಲಿ ಉತ್ತ ಗದ್ದೆ. ಈ ಮೂರೂ ಫೋಟೋದಲ್ಲಿ ಕಾಣುವುದಿಲ್ಲ. ರಿಬ್ಬನ್ ಕತ್ತರಿಸಲೂ ಆಗುವುದಿಲ್ಲ. ಟೆಂಡರಿನಲ್ಲಿ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಚೇಂಬರ್ಸ್ ಬೇ ಇದಕ್ಕೆ ಒಳ್ಳೆಯ ಉದಾಹರಣೆ. ಹಳೆಯ ಜಲ್ಲಿ ಗಣಿಯ ಜಾಗದಲ್ಲಿ ಅಲ್ಲಿನ ಕೌಂಟಿ ಆಡಳಿತ 2007ರಲ್ಲಿ ತೆರೆದ ಕೋರ್ಸು, ರಾಬರ್ಟ್ ಟ್ರೆಂಟ್ ಜೋನ್ಸ್ ಜೂನಿಯರ್ ಸಂಸ್ಥೆಯ ವಿನ್ಯಾಸ. ಎಂಟೇ ವರ್ಷದಲ್ಲಿ, 2015ರಲ್ಲಿ, ಗಾಲ್ಫಿನ ದೊಡ್ಡ ಪಂದ್ಯಾವಳಿ ಯು.ಎಸ್. ಓಪನ್ ಅಲ್ಲಿಗೆ ಬಂತು. ಸರ್ಕಾರಿ ಕೋರ್ಸಿಗೆ ಇದಕ್ಕಿಂತ ದೊಡ್ಡ ಪ್ರಚಾರ ಇಲ್ಲ. ಆದರೆ ಹಾಕಿದ ಫೆಸ್ಕ್ಯೂ ಹುಲ್ಲಿನೊಳಗೆ ಬೇರೆ ಹುಲ್ಲು ನುಗ್ಗಿ ಗ್ರೀನ್‌ಗಳು ಮಚ್ಚೆಮಚ್ಚೆಯಾಗಿ, ಚೆಂಡು ಕುಪ್ಪಳಿಸುವುದನ್ನು ಲೋಕವೆಲ್ಲ ಟಿವಿಯಲ್ಲಿ ನೋಡಿತು. ಆಮೇಲೆ ಗ್ರೀನ್‌ಗಳ ಹುಲ್ಲನ್ನೇ ಬದಲಿಸಬೇಕಾಯಿತು. ಇದೇ ವಿನ್ಯಾಸಕಾರರ ಕೈಕೆಲಸ ನಮ್ಮ ದೇಶದಲ್ಲೂ ಇದೆ: 2001ರಲ್ಲಿ ತೆರೆದ ಶ್ರೀನಗರದ ರಾಯಲ್ ಸ್ಪ್ರಿಂಗ್ಸ್, ಪ್ರವಾಸೋದ್ಯಮಕ್ಕೆಂದೇ ಅಲ್ಲಿನ ಸರ್ಕಾರ ಕಟ್ಟಿಸಿದ್ದು. ಝಬರ್ವಾನ್ ಬೆಟ್ಟ, ದಾಲ್ ಸರೋವರ ಎರಡೂ ಪಕ್ಕದಲ್ಲೇ. ಅಷ್ಟಿದ್ದೂ ಅಲ್ಲಿಗೆ ಆಟಗಾರ ಬರುವುದು, ಬಿಡುವುದು ಊರಿನ ಪರಿಸ್ಥಿತಿ ನೋಡಿಕೊಂಡು. ದೊಡ್ಡ ಹೆಸರಿನ ವಿನ್ಯಾಸಕಾರ ಒಮ್ಮೆ ಕರೆಸುತ್ತಾನೆ, ಎರಡನೇ ಸಲ ಕರೆಸುವುದು ಗ್ರೀನ್.

ನೀರಿನ ಮಾತು ಚುಟುಕಾಗಿ. ಒಂದು ಹೆಕ್ಟೇರಿಗೆ ಒಂದು ಮಿಲಿಮೀಟರ್ ನೀರು ಹಾಯಿಸಿದರೆ 10,000 ಲೀಟರ್. 25 ಹೆಕ್ಟೇರ್ ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಎಂದರೆ ಹನ್ನೆರಡೂವರೆ ಲಕ್ಷ ಲೀಟರ್. ಮೇ ತಿಂಗಳಲ್ಲಿ ಹೌಸಿಂಗ್ ಸೊಸೈಟಿಗಳ ಗೇಟಿಗೆ ಟ್ಯಾಂಕರ್ ಬರುವ ಊರಲ್ಲಿ ಕುಡಿಯುವ ನೀರು ಗಾಲ್ಫಿಗೆ ಎಂದರೆ ಜನ ಸುಮ್ಮನಿರುವುದಿಲ್ಲ, ಇರಲೂ ಬಾರದು. ಶುದ್ಧೀಕರಿಸಿದ ಕೊಳಚೆ ನೀರೇ ಗತಿ. ಅದರಲ್ಲಿ ಉಪ್ಪಿನ ಅಂಶ ಹೆಚ್ಚಿರುವುದರಿಂದ ಉಪ್ಪು ತಡೆಯುವ ಪಾಸ್ಪಾಲಮ್ ಜಾತಿಯ ಹುಲ್ಲಿನ ವಿಚಾರವನ್ನೂ ಆಗಲೇ ಮಾಡಬೇಕಾಗುತ್ತದೆ.

ಬರುವವರು ಯಾರು

ಪ್ರವಾಸಿ ಎಂದಾಕ್ಷಣ ಕಡತಗಳಲ್ಲಿ ವಿದೇಶಿಯರು ಕಾಣಿಸಿಕೊಳ್ಳುತ್ತಾರೆ. ಜಪಾನಿನವರು ಬರುತ್ತಾರೆ, ಕೊರಿಯಾದವರು ಬರುತ್ತಾರೆ. ನನಗೆ ಕಾಣುವುದು ಬೇರೆ ಮುಖಗಳು. 2025ರ ಅಕ್ಟೋಬರ್ 8ರಂದು ನವಿ ಮುಂಬೈ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಡಿಸೆಂಬರಿನಲ್ಲಿ ವಿಮಾನಗಳ ಓಡಾಟ ಶುರುವಾಯಿತು. ಅಲ್ಲಿಂದ ಖಾರ್ಘರ್ ಕೂಗಳತೆಯೇ. 2024ರ ಜನವರಿಯಲ್ಲಿ ತೆರೆದ 21.8 ಕಿಲೋಮೀಟರಿನ ಅಟಲ್ ಸೇತು ಹಿಡಿದು ದಕ್ಷಿಣ ಮುಂಬೈಯಿಂದ ಈ ಕಡೆ ಬರುವುದು ಸಲೀಸಾಗಿದೆ. ಪುಣೆಯ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಪಕ್ಕದ ಕಳಂಬೋಲಿಯಲ್ಲಿ. 2023ರ ನವೆಂಬರಿನಿಂದ ಬೇಲಾಪುರ–ಪೇಂಧರ್ ಮೆಟ್ರೋ ಓಡುತ್ತಿದೆ, ಸೆಂಟ್ರಲ್ ಪಾರ್ಕ್‌ನಲ್ಲಿ ನಿಲ್ದಾಣವೂ ಇದೆ. ಗಾಲ್ಫ್ ಬ್ಯಾಗು ಹೊತ್ತು ಮೆಟ್ರೋದಲ್ಲಿ ಬರುವವರು ಯಾರೂ ಇಲ್ಲ, ಆಟಗಾರರ ಬ್ಯಾಗು ಹೊರುವ ಕ್ಯಾಡಿಗಳಿಗೆ ಮಾತ್ರ ಅನುಕೂಲ.

ನನ್ನ ಲೆಕ್ಕದಲ್ಲಿ ಬರುವವನು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಮೀಟಿಂಗಿಗೆ ಬಂದು ಅರ್ಧ ದಿನ ಬಿಡುವಿರುವವನು. ಅಂಥ ಒಬ್ಬ ಬೆಂಗಳೂರಿನ ಗಿರಾಕಿ ಹೇಳಿದ ಮಾತು: “ಸರ್, ನಂಗೆ ಪಂಚತಾರಾ ಕ್ಲಬ್‌ಹೌಸ್ ಬೇಡ, ಸ್ನಾನಕ್ಕೆ ಬಿಸಿನೀರು ಬಂದ್ರೆ ಸಾಕು. ನಾಳೆ ಆರು ಐವತ್ತಕ್ಕೆ ನಮ್ಮ ನಾಲ್ಕು ಜನರ ಹೆಸರು ಇದೆಯೋ ಇಲ್ವೋ, ಅದನ್ನ ಇವತ್ತೇ ಹೇಳಿ. ಒಳ್ಳೇ ಗಾಲ್ಫ್ ಕೋಲುಗಳ ಸೆಟ್ ಬಾಡಿಗೆಗೆ ಸಿಗ್ಬೇಕು. ಅಷ್ಟೂ ಖಾತ್ರಿ ಇಲ್ದಿದ್ರೆ ಬೆಳಗ್ಗೆ ನಿದ್ದೆ ಮಾಡ್ತೀನಿ.”

ಖಾತ್ರಿ. ಪ್ರವಾಸಿಗೆ ಮಾರುವ ಸರಕು ಅದೊಂದೇ ಎಂದು ನನಗನ್ನಿಸುತ್ತದೆ. ಫೋನಿನಲ್ಲೇ ಸಮಯ ಕಾಯ್ದಿರಿಸಿ ದುಡ್ಡು ಕಟ್ಟುವ ವ್ಯವಸ್ಥೆ, ಹೇಳಿದ ಹೊತ್ತಿಗೆ ಕ್ಯಾಡಿ, ಮಳೆಯಾದರೆ ಹಣ ವಾಪಸ್ ಎಂಬ ನಿಯಮ. ಬಸಿಗಾಲುವೆಯೂ ಇದೇ ಖಾತ್ರಿಯ ಭಾಗ. ಥಾಯ್ಲೆಂಡಿಗೆ ನಮ್ಮವರು ಗುಂಪುಗುಂಪಾಗಿ ಗಾಲ್ಫಿಗೆ ಹೋಗುವುದು ಇದಕ್ಕೇ: ಕೋರ್ಸ್ ಯಾವುದಾದರೂ ಕ್ಯಾಡಿ ಕಾದಿರುತ್ತಾಳೆ, ಬಗ್ಗಿ ತಯಾರಿರುತ್ತದೆ. ಇನ್ನೊಂದು ಕಾರಣ, ಒಂದೇ ಪ್ರವಾಸದಲ್ಲಿ ಮೂರು ನಾಲ್ಕು ಕೋರ್ಸ್ ಆಡಬಹುದು. ಒಂದೇ ಕೋರ್ಸಿಗಾಗಿ ಯಾರೂ ರಾತ್ರಿ ಉಳಿಯುವುದಿಲ್ಲ. ಲಾಡ್ಜಿನವನ ಸ್ವಾರ್ಥದಿಂದಲೇ ಹೇಳುತ್ತೇನೆ: ಖಾರ್ಘರ್ ಒಂಟಿಯಾಗಿ ಪ್ರಚಾರ ಮಾಡಿಕೊಳ್ಳುವ ಬದಲು ಪುಣೆಯ ಆಕ್ಸ್‌ಫರ್ಡ್ ಗಾಲ್ಫ್ ರಿಸಾರ್ಟಿನಂಥವರ ಜೊತೆ ಸೇರಿ ಎರಡು ಮೂರು ದಿನದ ಪ್ಯಾಕೇಜ್ ಮಾಡಿದರೆ ಮಾತ್ರ ರೂಮುಗಳು ತುಂಬುತ್ತವೆ.

ಜಾಗ ಯಾರದ್ದು

ನವಿ ಮುಂಬೈ 95 ಹಳ್ಳಿಗಳ ಜಮೀನಿನ ಮೇಲೆ ನಿಂತ ಊರು. 1984ರ ಜನವರಿಯಲ್ಲಿ ಉರಣ್ ಭಾಗದಲ್ಲಿ ಪರಿಹಾರಕ್ಕಾಗಿ ಹೋರಾಡಿದ ರೈತರ ಮೇಲೆ ಗುಂಡು ಹಾರಿ ಐವರು ಸತ್ತರು. ಆ ಹೋರಾಟದ ಮುಂದಾಳು ಡಿ.ಬಿ. ಪಾಟೀಲ್. ಸ್ವಾಧೀನವಾದ ಜಮೀನಿನ ಹನ್ನೆರಡೂವರೆ ಶೇಕಡಾದಷ್ಟನ್ನು ಅಭಿವೃದ್ಧಿಪಡಿಸಿ ಮೂಲದವರಿಗೆ ಮರಳಿಸುವ ಯೋಜನೆ ಬಂದದ್ದು ಆ ಹೋರಾಟದ ಫಲ. ‘ಸಾಡೇಬಾರಾ ಟಕ್ಕೆ’ ಎಂದರೆ ಇಲ್ಲಿನ ಸಣ್ಣ ಮಕ್ಕಳಿಗೂ ಗೊತ್ತು. ಇಂಥ ನೆಲದಲ್ಲಿ 103 ಹೆಕ್ಟೇರ್ ಬೇಲಿಯೊಳಗೆ ಇಟ್ಟು ಹೊರಗಿನವರಿಗೆ ಮೀಸಲು ಎಂದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗೋವಾದ ತುತ್ತತುದಿಯ ತಿರಾಕೋಲ್ ಹಳ್ಳಿಯವರು ಗಾಲ್ಫ್ ರಿಸಾರ್ಟ್ ಬೇಡವೆಂದು ಎದ್ದು ನಿಂತದ್ದೂ ನೆಲದ ಪ್ರಶ್ನೆಗೇ.

ಇದಕ್ಕೆ ಅಮೆರಿಕದ ಎರಡು ಸರ್ಕಾರಿ ಕೋರ್ಸುಗಳು ಕಂಡುಕೊಂಡ ದಾರಿ ನನಗೆ ಹಿಡಿಸಿದೆ. ಸ್ಯಾನ್ ಡಿಯಾಗೊ ನಗರದ ಟೋರಿ ಪೈನ್ಸ್‌ನ ದಕ್ಷಿಣ ಕೋರ್ಸನ್ನು 2001ರಲ್ಲಿ ರೀಸ್ ಜೋನ್ಸ್ ನವೀಕರಿಸಿದರು. 2008ರಲ್ಲೂ 2021ರಲ್ಲೂ ಯು.ಎಸ್. ಓಪನ್ ಅಲ್ಲಿ ನಡೆಯಿತು. ನಗರವಾಸಿಯ ದರ ಒಂದು, ಹೊರಗಿನವನ ದರ ಅದರ ಹಲವು ಪಟ್ಟು. ನ್ಯೂಯಾರ್ಕ್ ರಾಜ್ಯದ ಬೆತ್‌ಪೇಜ್ ಬ್ಲ್ಯಾಕ್‌ನಲ್ಲೂ ಹೊರರಾಜ್ಯದವರು ಸುಮಾರು ದುಪ್ಪಟ್ಟು ಕೊಡುತ್ತಾರೆ. ಆದರೂ ಅಲ್ಲಿ ಆಡಲು ಜನ ರಾತ್ರಿಯಿಡೀ ಪಾರ್ಕಿಂಗ್ ಜಾಗದಲ್ಲಿ ಕಾರೊಳಗೆ ಮಲಗಿ ಕಾಯುತ್ತಾರೆ. ನಮಗೂ ಹಂಪಿಯ ಟಿಕೇಟಿನಲ್ಲಿ ಎರಡು ದರ ಹೊಸದಲ್ಲ. ಇಲ್ಲಿ ಮಾತ್ರ ದೇಶ ನೋಡಿ ಅಲ್ಲ, ವಿಳಾಸ ನೋಡಿ ದರ ಇಡಬೇಕು: ಪನ್ವೇಲ್, ನವಿ ಮುಂಬೈನವರಿಗೆ ಕಡಿಮೆ, ಉಳಿದವರಿಗೆ ಪೂರ್ತಿ. ಜೊತೆಗೆ ವಾರದಲ್ಲಿ ಎರಡು ಬೆಳಗು ಊರವರಿಗೆ, ಶಾಲಾ ಮಕ್ಕಳಿಗೆ. ಸೇಂಟ್ ಆ್ಯಂಡ್ರೂಸ್‌ನಲ್ಲಿ ಭಾನುವಾರ ಸಾಮಾನ್ಯವಾಗಿ ಹಳೇ ಕೋರ್ಸಿಗೆ ರಜೆ, ಊರವರು ನಾಯಿ ಹಿಡಿದುಕೊಂಡು ಅದರ ಮೇಲೆ ಅಡ್ಡಾಡುತ್ತಾರೆ. ಅಷ್ಟು ಧಾರಾಳತನ ಇಲ್ಲಿ ಬರುವುದು ಅನುಮಾನ.

ಕೆಲಸದ ಸರದಿ

ಮುಂಬೈನಲ್ಲಿ ಮಣ್ಣಿನ ಕೆಲಸಕ್ಕೆ ಸಿಗುವುದು ನವೆಂಬರಿನಿಂದ ಮೇ. ಆಟದ ಕಾಲವೂ ಅದೇ. ಹೊಸ ಹುಲ್ಲು ನೆಟ್ಟ ಮೇಲೆ ಬೇರು ಬಿಟ್ಟು ಗಟ್ಟಿಯಾಗಲು ಮೂರು, ನಾಲ್ಕು ತಿಂಗಳು ಬೇಕು. ಜೂನ್ ಮೊದಲ ಮಳೆಗೆ ಮುಂಚೆ ಅದು ಹಿಡಿಯದಿದ್ದರೆ ಮರಳೂ ಹುಲ್ಲೂ ಕೂಡಿ ಕೊಚ್ಚಿಹೋಗುತ್ತವೆ. ಹಾಗಾಗಿ ಇಡೀ ಕೋರ್ಸ್ ಮುಚ್ಚಿ ಒಂದೇ ಏಟಿಗೆ ಮುಗಿಸುವುದು ಗುತ್ತಿಗೆದಾರನಿಗೆ ಸುಲಭ, ಊರಿಗೆ ದುಬಾರಿ.

ಹನ್ನೊಂದು ಎಂಬ ವಿಚಿತ್ರ ಸಂಖ್ಯೆ ಇಲ್ಲಿ ಮಾತ್ರ ಉಪಕಾರಕ್ಕೆ ಬರುತ್ತದೆ. ಮೊದಲ ಒಣ ಋತುವಿನಲ್ಲಿ ಹಳೆಯ 11ರಲ್ಲಿ ಆಟ ನಡೆಯಲಿ, ಹೊಸ ಏಳು ಕಟ್ಟಿ. ಎರಡನೆಯ ವರ್ಷ ಹೊಸ ಏಳನ್ನು ತೆರೆದು, ಹಳೆಯದರಲ್ಲಿ ಆರನ್ನು ಅಗೆದು ಬುಡದಿಂದ ಕಟ್ಟಿ. ಆಡಲು 12 ಉಳಿಯುತ್ತವೆ. ಮೂರನೆಯ ವರ್ಷ ಉಳಿದ ಐದು; ಆಗ ತೆರೆದಿರುವುದು 13. ಹೀಗೆ ಮಾಡಿದರೆ ಯಾವತ್ತೂ 11ಕ್ಕಿಂತ ಕೆಳಗೆ ಇಳಿಯುವ ಪ್ರಶ್ನೆಯೇ ಬರುವುದಿಲ್ಲ. ಕಟ್ಟಿದವನೇ ಕನಿಷ್ಠ ಎರಡು ಮಳೆಗಾಲ ನೋಡಿಕೊಳ್ಳಬೇಕು, ಎರಡನೇ ಅಕ್ಟೋಬರದಲ್ಲಿ ಗ್ರೀನ್ ಕೊಯ್ದು ನೋಡಿ ಕಪ್ಪು ಪಟ್ಟಿ ಇಲ್ಲದಿದ್ದರೆ ಮಾತ್ರ ಕೊನೆಯ ಕಂತು ಎಂಬ ಷರತ್ತನ್ನು ಟೆಂಡರಿಗೆ ಸೇರಿಸಬೇಕು.

ಮುಚ್ಚದೆ ನಡೆಸಲು ಇನ್ನೊಂದು ಕಾರಣ ಕ್ಯಾಡಿಗಳು. ಒಬ್ಬ ಹುಡುಗ ಗ್ರೀನಿನ ಇಳಿಜಾರು ಓದಿ ಚೆಂಡು ಎತ್ತ ತಿರುಗುತ್ತದೆಂದು ಗಿರಾಕಿಗೆ ಸರಿಯಾಗಿ ಹೇಳುವಷ್ಟು ಪಳಗಲು ವರ್ಷಗಳೇ ಬೇಕು. ಎರಡು ಋತು ಕೆಲಸವಿಲ್ಲದೆ ಕೂರಿಸಿದರೆ ಅವನು ಕಾಯುವುದಿಲ್ಲ. ಉಲ್ವೆಯ ಆ ಹೊಸ ವಿಮಾನ ನಿಲ್ದಾಣದಲ್ಲಿ ಲಗೇಜು ಎತ್ತುವ ಕೆಲಸ ಈಗ ಮಗ್ಗುಲಲ್ಲೇ ಇದೆ, ತಿಂಗಳ ಸಂಬಳದ್ದು.